ವ್ಯಾನಿನ ಬೆಲ್ಟ್ ಕಿರುಚುತ್ತಾ? ಸ್ಟೇರಿಂಗ್ ಪಂಪ್ ಬದಲಿಸೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

ತೀರ್ಥಹಳ್ಳಿ: ಮಳೆ ಹಿಡಿದ ದಿನ ಬೆಳಿಗ್ಗೆ ಆರೂವರೆಗೆ ಪೇಟೆಯಲ್ಲಿ ಒಮ್ಮೆ ನಿಂತು ಕೇಳಿ. ಸ್ಕೂಲ್ ವ್ಯಾನು, ಸಂತೆಗೆ ಹೊರಟ ತರಕಾರಿ ಗಾಡಿ, ಬಾಡಿಗೆ ಹೊಡೆಯೋ ಟಿಟಿ, ಯಾವುದಾದರೂ ಒಂದು ಸೆಲ್ಫ್ ಹೊಡೆದ ತಕ್ಷಣ ‘ಕುಂಯ್ಯ್’ ಅಂತ ಕಿರುಚಿಯೇ ಕಿರುಚುತ್ತೆ. ಅರ್ಧ ನಿಮಿಷ ಕಿರುಚಿ ಸುಮ್ಮನಾಗುತ್ತೆ. ಓನರ್ ಕೂಡ ಸುಮ್ಮನಾಗ್ತಾರೆ. ಸದ್ದು ನಿಲ್ಲದೇ ಹೋದಾಗ, ಜೊತೆಗೆ ಸ್ಟೇರಿಂಗೂ ಬಿಗಿಯಾದಾಗ ಗ್ಯಾರೇಜಿನ ದಾರಿ ಹಿಡೀತಾರೆ. ಖರ್ಚು ಶುರುವಾಗೋದು ಅಲ್ಲಿಂದ.

ಪೇಟೆಯ ದಿನಸಿ ಅಂಗಡಿಯವರೊಬ್ಬರ ಕಥೆ ಕೇಳಿ. ಹೆಸರು ಬೇಡ ಅಂದಿದ್ದಾರೆ. ಎಂಟು ಸೀಟಿನ ಹಳೇ ಡೀಸೆಲ್ ವ್ಯಾನು, ಹಿಂದಿನ ಸೀಟು ತೆಗೆದು ಶಿವಮೊಗ್ಗದಿಂದ ಮಾಲು ತರೋಕೆ ಇಟ್ಕೊಂಡಿದ್ದಾರೆ. ಬೆಲ್ಟ್ ಕಿರುಚಿತು, ಬೆಲ್ಟ್ ಬದಲಿಸಿದರು. ಎರಡು ತಿಂಗಳಿಗೆ ಮತ್ತೆ ಕಿರುಚಿತು. ‘ಡೂಪ್ಲಿಕೇಟ್ ಬೆಲ್ಟ್ ಹಾಕಿದ್ದಾರೆ’ ಅಂತ ಬೈದು ಇನ್ನೊಂದು ಹಾಕಿಸಿದರು. ಅಷ್ಟೊತ್ತಿಗೆ ಸ್ಟೇರಿಂಗ್ ಆಗಾಗ ಬಿಗಿಯಾಗತೊಡಗಿತ್ತು. ‘ಪಂಪ್ ಹೋಗಿದೆ’ ಅಂದರು, ಪಂಪೂ ಬಂತು. ಮೂರನೇ ಬೆಲ್ಟೂ ಕಿರುಚಿದಾಗ ಬೇರೆ ಊರಿನ ಮೆಕ್ಯಾನಿಕ್ ಒಬ್ಬರು ಗಾಡಿ ಕೆಳಗೆ ಮಲಗಿ, ಟಾರ್ಚ್ ಹಾಕಿ ನೋಡಿ, ಸ್ಟೇರಿಂಗ್ ಆಯಿಲಿನ ರಿಟರ್ನ್ ಪೈಪಿನ ಕ್ಲಿಪ್ ಸಡಿಲ ಆಗಿರೋದನ್ನ ತೋರಿಸಿದರು. ಅಲ್ಲಿಂದ ಹನಿಹನಿಯಾಗಿ ಆಯಿಲು ಸೋರಿ ಬೆಲ್ಟಿನ ಮೇಲೆ ಬೀಳ್ತಿತ್ತು. ಬೆಲ್ಟ್ ಜಾರ್ತಿತ್ತು, ಜಾರಿದಾಗ ಪಂಪ್ ಸರಿಯಾಗಿ ತಿರುಗ್ತಿರಲಿಲ್ಲ, ಸ್ಟೇರಿಂಗ್ ಬಿಗಿ ಆಗ್ತಿತ್ತು. ಬೇಕಾಗಿದ್ದದ್ದು ಒಂದು ಕ್ಲಿಪ್, ಒಂದು ಗೇಣು ಪೈಪು ಮತ್ತು ಒಂದು ಬೆಲ್ಟ್ ಅಷ್ಟೇ.

ಬೆಲ್ಟಿನ ಸದ್ದು ಬಹಳ ಸಲ ಬೆಲ್ಟಿನ ತಪ್ಪಲ್ಲ. ಬೇರೆ ಎಲ್ಲೋ ಆದ ತೊಂದರೆ ಮೊದಲು ಕಿವಿಗೆ ಬೀಳೋದು ಬೆಲ್ಟಿನಿಂದ. ಯಾರ ತಪ್ಪು ಅಂತ ಪತ್ತೆ ಮಾಡೋಕೆ ದೊಡ್ಡ ಮೆಷಿನ್ ಏನೂ ಬೇಡ. ಟಾರ್ಚು, ನೀರಿನ ಬಾಟಲಿ, ಉದ್ದದ ಸ್ಕ್ರೂಡ್ರೈವರ್, ಸ್ವಲ್ಪ ತಾಳ್ಮೆ ಇದ್ದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಆಗುತ್ತೆ.

ಬೆಲ್ಟ್ ಹೋದ್ರೆ ಹೋಗೋದು ಬರೀ ಬೆಲ್ಟಲ್ಲ

ಎಂಜಿನ್ನಿನ ಮುಂದುಗಡೆ ಕೆಳಗೆ ಒಂದು ದೊಡ್ಡ ಪುಲ್ಲಿ ಇರುತ್ತಲ್ಲ, ಅದು ಕ್ರ್ಯಾಂಕ್ ಪುಲ್ಲಿ. ಅದು ತಿರುಗಿದಂಗೆ ಬೆಲ್ಟ್ ಓಡುತ್ತೆ. ಬೆಲ್ಟಿನಿಂದ ಆಲ್ಟರ್ನೇಟರ್ (ನಮ್ಮ ಕಡೆ ಇವತ್ತಿಗೂ ಡೈನಮೋ ಅಂತಲೇ ಕರೆಯೋದು), ವಾಟರ್ ಪಂಪ್, ಎಸಿ ಕಂಪ್ರೆಸರ್, ಪವರ್ ಸ್ಟೇರಿಂಗ್ ಪಂಪ್ ತಿರುಗುತ್ತವೆ. ಹಳೇ ಗಾಡಿಗಳಲ್ಲಿ ಎರಡು ಮೂರು ಬೇರೆ ಬೇರೆ ವಿ ಬೆಲ್ಟ್ ಇರ್ತಿದ್ದವು. ಆಮೇಲಿನ ಗಾಡಿಗಳಲ್ಲಿ ಉದ್ದುದ್ದ ಗೆರೆಗಳಿರೋ ಒಂದೇ ಚಪ್ಪಟೆ ಬೆಲ್ಟ್ ಹಾವಿನ ಥರ ಎಲ್ಲದರ ಮೇಲೂ ಸುತ್ತಿ ಬರುತ್ತೆ. ಎಲ್ಲ ಗಾಡಿಯಲ್ಲೂ ಒಂದೇ ಥರ ಇರಲ್ಲ. ಕೆಲವು ಎಂಜಿನ್ನಲ್ಲಿ ವಾಟರ್ ಪಂಪನ್ನ ಒಳಗಿನ ಟೈಮಿಂಗ್ ಬೆಲ್ಟ್ ತಿರುಗಿಸುತ್ತೆ. ಕೆಲವದರಲ್ಲಿ ಸ್ಟೇರಿಂಗ್ ಪಂಪ್ ಗೇರಿನಿಂದಲೇ ಓಡುತ್ತೆ, ಬೆಲ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ. ನಿಮ್ಮ ಗಾಡಿಯಲ್ಲಿ ಹೇಗಿದೆ ಅಂತ ಬಾನೆಟ್ ಎತ್ತಿ, ಎಂಜಿನ್ ಆಫ್ ಇದ್ದಾಗ ಬೆಲ್ಟಿನ ದಾರಿ ಹಿಡಿದು ಕಣ್ಣಲ್ಲೇ ಒಂದು ಸುತ್ತು ಬಂದರೆ ಗೊತ್ತಾಗುತ್ತೆ. ಫೋನಲ್ಲಿ ಒಂದು ಫೋಟೋ ತೆಗೆದಿಟ್ಕೊಳ್ಳಿ. ಬೆಲ್ಟ್ ಕಡಿದ ದಿನ ಅದು ಯಾವ ಪುಲ್ಲಿ ಮೇಲೆ ಹೇಗೆ ಹೋಗಿತ್ತು ಅಂತ ಯಾರಿಗೂ ನೆನಪಿರಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಎಷ್ಟೋ ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಬಲ ಕೊಡೋ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿರುತ್ತೆ. ಅಂಥ ಗಾಡಿಯಲ್ಲಿ ಬೆಲ್ಟ್ ಕಡಿದರೆ ಚಾರ್ಜಿಂಗ್ ಹೋಗುತ್ತೆ, ಎಂಜಿನ್ ಬಿಸಿ ಏರುತ್ತೆ, ಸ್ಟೇರಿಂಗ್ ಭಾರ ಆಗುತ್ತೆ, ನಾಲ್ಕೈದು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲೂ ಕಲ್ಲಿನಂಗೆ ಆಗುತ್ತೆ. ಊರೊಳಗೆ ಆದರೆ ತಳ್ಳಿ ಬದಿಗೆ ಹಾಕಬಹುದು. ಮಣಿಪಾಲದ ಆಸ್ಪತ್ರೆಗೆ ಅಂತ ಮನೆಯವರನ್ನೆಲ್ಲ ತುಂಬಿಕೊಂಡು ಆಗುಂಬೆ ಘಾಟಿ ಇಳಿಯುವಾಗ, ಎದುರಿಗೆ ಬಸ್ಸು ಬರ್ತಿರೋ ತಿರುವಿನಲ್ಲಿ ಆದರೆ? ಕಿರುಚೋ ಬೆಲ್ಟನ್ನ ‘ಆಮೇಲೆ ನೋಡೋಣ’ ಅಂತ ಬಿಡಬಾರದು ಅನ್ನೋದು ಇದಕ್ಕೇ.

ಸದ್ದು ಯಾವ್ದು, ಯಾವಾಗ ಬರುತ್ತೆ?

‘ಸದ್ದು ಬರುತ್ತೆ’ ಅಂತ ಮಾತ್ರ ಹೇಳಿದರೆ ಮೆಕ್ಯಾನಿಕ್ ಏನು ಮಾಡಬೇಕು ಪಾಪ? ಗ್ಯಾರೇಜಿಗೆ ಹೋದಾಗ ಗಾಡಿ ಬಿಸಿಯಾಗಿರುತ್ತೆ, ಸದ್ದು ಮಾಯ ಆಗಿರುತ್ತೆ. ಹಾಗಾಗಿ ಮನೆಯಲ್ಲೇ ನಾಲ್ಕು ದಿನ ಕಿವಿಗೊಟ್ಟು ಕೇಳಿ.

ಉದ್ದಕ್ಕೆ ಎಳೆದಂಗೆ ‘ಕುಂಯ್ಯ್’ ಅಂದರೆ ಬೆಲ್ಟ್ ಪುಲ್ಲಿ ಮೇಲೆ ಜಾರ್ತಿದೆ. ಚಿಕ್ಕ ಹಕ್ಕಿ ಕೂಗಿದಂಗೆ ‘ಚಿಕ್ ಚಿಕ್ ಚಿಕ್’ ಅಂತ ಬಿಟ್ಟು ಬಿಟ್ಟು ಬಂದರೆ, ರೇಸ್ ಕೊಟ್ಟಂಗೆ ಅದೂ ಬೇಗ ಬೇಗ ಆದರೆ, ಯಾವುದೋ ಪುಲ್ಲಿ ಸಾಲು ತಪ್ಪಿದೆ. ಬೆಲ್ಟ್ ನೇರವಾಗಿ ಕೂರದೆ ಅಂಚಿನಲ್ಲಿ ಉಜ್ಜಿಕೊಂಡು ಓಡ್ತಿದೆ ಅಂತ ಅರ್ಥ. ‘ಗೊರ್ರ್’ ಅಂತ ಹಿಟ್ಟಿನ ಗಿರಣಿ ಥರ ಸದ್ದಾದರೆ ಅದು ಬೇರಿಂಗ್. ಟೆನ್ಷನರ್, ಐಡ್ಲರ್, ಡೈನಮೋ, ವಾಟರ್ ಪಂಪ್ ಯಾವುದರದ್ದೂ ಆಗಿರಬಹುದು. ಸ್ಟೇರಿಂಗ್ ತಿರುಗಿಸಿದಾಗ ಮಾತ್ರ ‘ಉಊಂ’ ಅಂತ ನರಳಿದರೆ ಸ್ಟೇರಿಂಗ್ ಪಂಪಿನ ಕಡೆ ಬೆರಳು ತೋರಿಸಬಹುದು. ಆಗಲೂ ಪಂಪೇ ಕೆಟ್ಟಿದೆ ಅಂತ ಅಲ್ಲ.

ಯಾವಾಗ ಬರುತ್ತೆ ಅನ್ನೋದು ಇನ್ನೂ ಮುಖ್ಯ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಬಂದು ನಿಂತು ಹೋಗುತ್ತಾ? ರಾತ್ರಿಯ ಇಬ್ಬನಿಗೆ ಬೆಲ್ಟ್ ಒದ್ದೆ ಇರುತ್ತೆ, ಜೊತೆಗೆ ಸೆಲ್ಫ್ ಹೊಡೆದು ಬ್ಯಾಟರಿ ಕಳಕೊಂಡ ಕರೆಂಟನ್ನ ಡೈನಮೋ ವಾಪಸ್ ತುಂಬಿಸ್ತಿರುತ್ತೆ, ಅದರ ಮೇಲೆ ಲೋಡ್ ಜಾಸ್ತಿ. ಹಾಗಾಗಿ ಬ್ಯಾಟರಿ ಮುದಿಯಾಗಿದ್ದರೂ ಬೆಲ್ಟ್ ಕಿರುಚುತ್ತೆ! ಇದನ್ನ ಹೇಳಿದರೆ ಜನ ನಗ್ತಾರೆ, ಆದರೆ ನಿಜ. ಎಸಿ ಹಾಕಿದ ತಕ್ಷಣ ಸದ್ದು ಬಂದು, ಆಫ್ ಮಾಡಿದ ತಕ್ಷಣ ಹೋದರೆ ಕಂಪ್ರೆಸರ್ ಕಡೆ ನೋಡಿ. ಹೆಡ್‌ಲೈಟು, ಬ್ಲೋವರ್, ವೈಪರ್ ಎಲ್ಲ ಒಟ್ಟಿಗೆ ಹಾಕಿದಾಗ ಬಂದರೆ ಡೈನಮೋ ಅಥವಾ ಬೆಲ್ಟಿನ ಬಿಗಿ. ನಿಂತ ಜಾಗದಲ್ಲೇ ಸ್ಟೇರಿಂಗನ್ನ ಫುಲ್ ಕಟ್ ಮಾಡಿದಾಗ ಕಿರುಚಿದರೆ ಪಂಪಿನ ಲೋಡ್ ಎಳೆಯೋಕೆ ಬೆಲ್ಟಿಗೆ ಹಿಡಿತ ಸಾಲ್ತಿಲ್ಲ.

ಅಂದ ಹಾಗೆ, ಫುಲ್ ಕಟ್ ಕೊನೆಯಲ್ಲಿ ಒಂದು ‘ಸ್ಸ್’ ಅನ್ನೋ ಸದ್ದು ಸರಿಯಿರೋ ಗಾಡಿಯಲ್ಲೂ ಬರುತ್ತೆ. ಒತ್ತಡ ಮಿತಿ ಮೀರಿದಾಗ ಪಂಪಿನ ವಾಲ್ವ್ ತೆರೆಯೋ ಸದ್ದು ಅದು. ಗಾಬರಿ ಬೇಡ, ಆದರೆ ಅಲ್ಲೇ ಹಿಡಿದು ನಿಲ್ಲಿಸಬೇಡಿ. ಮೂರು ನಾಲ್ಕು ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಆಯಿಲ್ ಬೇಗ ಕಾಯುತ್ತೆ, ಸೀಲುಗಳಿಗೂ ಪಂಪಿಗೂ ಒಳ್ಳೇದಲ್ಲ. ಇಕ್ಕಟ್ಟಿನ ಜಾಗದಲ್ಲಿ ಗಾಡಿ ತಿರುಗಿಸುವಾಗ ನಾವೆಲ್ಲ ಮಾಡೋ ತಪ್ಪು ಇದು.

ನೀರಿನ ಪರೀಕ್ಷೆ

ಇದು ಹಳೇ ಮೆಕ್ಯಾನಿಕ್ಕುಗಳ ಉಪಾಯ, ಬೆಲ್ಟ್ ತಯಾರಿಸೋ ಕಂಪನಿಗಳೂ ಒಪ್ಪುವಂಥದ್ದು. ಎಂಜಿನ್ ಐಡ್ಲಿಂಗಿನಲ್ಲಿ ಓಡ್ತಿರಲಿ, ಸದ್ದು ಬರ್ತಿರಲಿ. ಗಿಡಕ್ಕೆ ನೀರು ಹೊಡೆಯೋ ಸ್ಪ್ರೇ ಬಾಟಲಿಯಿಂದ ಬೆಲ್ಟಿನ ಗೆರೆ ಇರೋ ಒಳಮೈಗೆ ಸ್ವಲ್ಪ ನೀರು ಹಾಯಿಸಿ. ಸದ್ದು ತಕ್ಷಣ ನಿಂತು, ನೀರು ಆರಿದ ಮೇಲೆ ಮತ್ತೆ ಬಂದರೆ ಪುಲ್ಲಿ ಸಾಲು ತಪ್ಪಿದೆ. ನೀರು ಬಿದ್ದ ಮೇಲೆ ಸದ್ದು ಇನ್ನೂ ಜಾಸ್ತಿ ಆದರೆ ಬೆಲ್ಟ್ ಸಡಿಲ, ಇಲ್ಲವೇ ಸವೆದು ಜಾರ್ತಿದೆ, ಇಲ್ಲವೇ ಆಟೋ ಟೆನ್ಷನರ್ ಬಿಗಿ ಹಿಡೀತಿಲ್ಲ. ಏನೂ ವ್ಯತ್ಯಾಸ ಆಗದಿದ್ದರೆ ಬೆಲ್ಟ್ ಬಿಡಿ, ಬೇರಿಂಗ್ ಹುಡುಕಿ.

ಎಚ್ಚರಿಕೆ ಒಂದಿದೆ, ಇದನ್ನ ದಾಟಿ ಓದಬೇಡಿ. ಓಡೋ ಬೆಲ್ಟಿನ ಹತ್ತಿರ ಪಂಚೆ, ಟವೆಲು, ಸೆರಗು, ಉದ್ದ ತೋಳಿನ ಶರ್ಟು, ಕೈಯಲ್ಲಿ ದಾರ ಯಾವುದೂ ಬರಬಾರದು. ದೂರದಿಂದ ಹಾಯಿಸೋದು, ಬಗ್ಗಿ ನೋಡೋದಲ್ಲ. ಕೆಲವು ಗಾಡಿಯಲ್ಲಿ ರೇಡಿಯೇಟರ್ ಫ್ಯಾನ್ ಕರೆಂಟಿನದ್ದು, ಯಾವಾಗ ಬೇಕಾದರೂ ತಾನಾಗೇ ತಿರುಗುತ್ತೆ. ಮಕ್ಕಳನ್ನ ಹತ್ತಿರ ಬಿಡಲೇಬೇಡಿ.

ಇನ್ನೊಂದು ಕೆಟ್ಟ ಅಭ್ಯಾಸ ನಮ್ಮಲ್ಲಿದೆ. ಕಿರುಚೋ ಬೆಲ್ಟಿಗೆ ಸೋಪು ತಿಕ್ಕೋದು, ಪೌಡರ್ ಹಾಕೋದು, ಗ್ರೀಸು ಸವರೋದು, ಅಂಗಡಿಯಲ್ಲಿ ಸಿಗೋ ಬೆಲ್ಟ್ ಸ್ಪ್ರೇ ಹೊಡೆಯೋದು. ಎರಡು ದಿನ ಸುಮ್ಮನಿರುತ್ತೆ. ಆಮೇಲೆ ಅದೇ ಅಂಟಿಗೆ ದೂಳು ಹಿಡಿದು ಬೆಲ್ಟ್ ಹಾಳಾಗುತ್ತೆ, ಅಸಲಿ ಕಾಯಿಲೆ ಹಾಗೇ ಉಳಿಯುತ್ತೆ.

ಬೆಲ್ಟನ್ನೇ ನೋಡೋದು

ಎಂಜಿನ್ ಆಫ್ ಮಾಡಿ ಕೀ ಜೇಬಲ್ಲಿ ಇಟ್ಕೊಂಡು ಬೆಲ್ಟನ್ನ ಸ್ವಲ್ಪ ತಿರುಚಿ ಒಳಮೈ ನೋಡಿ. ಹಳೇ ಕಾಲದ ನಿಯೋಪ್ರೀನ್ ಬೆಲ್ಟ್ ಆದರೆ ವಯಸ್ಸಾದಂಗೆ ಅಡ್ಡಡ್ಡ ಬಿರುಕು ಬಿಡ್ತಿತ್ತು. ಒಂದು ಇಂಚಿನಲ್ಲಿ ಮೂರು ನಾಲ್ಕು ಬಿರುಕು ಕಂಡರೆ ಬದಲಿಸಿ ಅನ್ನೋದು ಆಗಿನ ಲೆಕ್ಕ. ಈಗ ಬರೋದು ಹೆಚ್ಚಾಗಿ ಇಪಿಡಿಎಂ ಅನ್ನೋ ರಬ್ಬರಿನದ್ದು. ಇದು ಸುಲಭಕ್ಕೆ ಬಿರುಕು ಬಿಡಲ್ಲ, ಟೈರಿನ ಥರ ನಿಧಾನಕ್ಕೆ ಸವೆಯುತ್ತೆ. ಗೆರೆಗಳ ನಡುವಿನ ಕಾಲುವೆ ಅಗಲ ಆಗ್ತಾ ಹೋಗಿ ಬೆಲ್ಟ್ ಪುಲ್ಲಿಯ ತಳಕ್ಕೇ ಕೂತು ಜಾರೋಕೆ ಶುರು. ಹಾಗಾಗಿ ‘ನೋಡಿ ಸಾರ್, ಒಂದು ಬಿರುಕೂ ಇಲ್ಲ, ಹೊಸದಿದ್ದಂಗಿದೆ’ ಅನ್ನೋ ಮಾತು ಈಗ ಪೂರ್ತಿ ನಂಬೋ ಹಾಗಿಲ್ಲ. ಹೊಸ ಬೆಲ್ಟ್ ಪಕ್ಕದಲ್ಲಿಟ್ಟು ಗೆರೆಯ ಆಳ ಹೋಲಿಸಿ ನೋಡಿದರೆ ಮಾತ್ರ ತಿಳಿಯುತ್ತೆ.

ಒಳಮೈ ಕನ್ನಡಿ ಥರ ಮಿರಮಿರ ಅಂದರೆ ಜಾರಿ ಜಾರಿ ಸುಟ್ಟಿದೆ. ಒಂದು ಅಂಚು ಮಾತ್ರ ನೂಲು ಎದ್ದಿದ್ದರೆ ಪುಲ್ಲಿ ಸಾಲು ತಪ್ಪಿದೆ. ಕೈಗೆ ಎಣ್ಣೆ ಜಿಡ್ಡು ಹತ್ತಿದರೆ ಬೆಲ್ಟ್ ಬದಲಿಸೋ ಮುಂಚೆ ಎಣ್ಣೆ ಎಲ್ಲಿಂದ ಬಂತು ಅಂತ ಹುಡುಕಲೇಬೇಕು. ಎಂಜಿನ್ ಮೇಲಿನ ವಾಲ್ವ್ ಕವರ್ ಗ್ಯಾಸ್ಕೆಟ್ ಇರಬಹುದು, ಕ್ರ್ಯಾಂಕ್ ಪುಲ್ಲಿ ಹಿಂದಿನ ಆಯಿಲ್ ಸೀಲ್ ಇರಬಹುದು, ಸ್ಟೇರಿಂಗ್ ಪೈಪ್ ಇರಬಹುದು. ನಮ್ಮ ದಿನಸಿ ಅಂಗಡಿಯವರ ಎರಡು ಬೆಲ್ಟಿನ ದುಡ್ಡು ಹೋಗಿದ್ದು ಈ ಒಂದು ಹೆಜ್ಜೆ ಬಿಟ್ಟಿದ್ದಕ್ಕೆ.

ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದಾಗ ಬೆಲ್ಟಿನ ಬೆನ್ನ ಮೇಲಿರೋ ನಂಬರ್ ಓದಿ. ಉದಾಹರಣೆಗೆ 6ಪಿಕೆ1780 ಅಂತಿದ್ದರೆ ಆರು ಗೆರೆ, ಪಿಕೆ ಅನ್ನೋದು ಗೆರೆಯ ಅಳತೆ, 1780 ಮಿಲಿಮೀಟರ್ ಉದ್ದ. ‘ಐದು ಮಿಲಿಮೀಟರ್ ಹೆಚ್ಚುಕಮ್ಮಿ ನಡೆಯುತ್ತೆ’ ಅಂತಾರೆ, ಆಟೋ ಟೆನ್ಷನರ್ ಇದ್ದರೆ ಹೇಗೋ ಎಳಕೊಳ್ಳುತ್ತೆ ಕೂಡ. ಆದರೆ ಗೆರೆ ಲೆಕ್ಕ ಒಂದು ಕಮ್ಮಿ ಇರೋದನ್ನ ಹಾಕಿಸ್ಕೊಳ್ಳಬೇಡಿ.

ಬಿಗಿ ವಿಷಯ. ಬೋಲ್ಟ್ ತಿರುಗಿಸಿ ಬಿಗಿ ಮಾಡೋ ವಿ ಬೆಲ್ಟ್ ಆದರೆ ಎರಡು ಪುಲ್ಲಿಗಳ ನಡುವೆ ಉದ್ದ ಜಾಗದಲ್ಲಿ ಹೆಬ್ಬೆರಳಿಂದ ಒತ್ತಿ. ಸುಮಾರು ಅರ್ಧ ಇಂಚು ಬಗ್ಗಿದರೆ ಸರಿ ಅನ್ನೋದು ಸಾಮಾನ್ಯ ಲೆಕ್ಕ, ಸರಿಯಾದ ಅಳತೆ ಗಾಡಿಯ ಪುಸ್ತಕದಲ್ಲಿ ಇರುತ್ತೆ. ಸದ್ದು ನಿಲ್ಲಲಿ ಅಂತ ತಂತಿ ಥರ ಬಿಗಿದರೆ ಡೈನಮೋ, ವಾಟರ್ ಪಂಪುಗಳ ಬೇರಿಂಗು ಬೇಗ ಹೋಗುತ್ತೆ. ನೂರಾರು ರೂಪಾಯಿಯ ಸದ್ದನ್ನ ಸಾವಿರಾರು ರೂಪಾಯಿಯ ಸದ್ದು ಮಾಡ್ಕೊಂಡಂಗೆ. ಆಟೋ ಟೆನ್ಷನರ್ ಇರೋ ಗಾಡಿಯಲ್ಲಿ ಐಡ್ಲಿಂಗಿನಲ್ಲಿ ಅದರ ಕೈ ಸ್ವಲ್ಪ ಅಲ್ಲಾಡೋದು ಸಹಜ. ಅದು ತಟತಟ ಅಂತ ಕುಣೀತಿದ್ದರೆ ಸ್ಪ್ರಿಂಗ್ ಸೋತಿದೆ.

ಬೆಲ್ಟ್ ಬಿಚ್ಚಿ ಒಂದು ಸಲ ಸ್ಟಾರ್ಟ್

ಇದನ್ನ ಮೆಕ್ಯಾನಿಕ್ ಕೈಲೇ ಮಾಡಿಸಿ, ಆದರೆ ಮಾಡಿ ಅಂತ ನೀವೇ ಕೇಳಿ. ಬೆಲ್ಟ್ ಪೂರ್ತಿ ಬಿಚ್ಚಿ, ಹತ್ತು ಹದಿನೈದು ಸೆಕೆಂಡು ಎಂಜಿನ್ ಸ್ಟಾರ್ಟ್ ಮಾಡಿ ಆಫ್ ಮಾಡೋದು. ಸದ್ದು ಇಲ್ಲ ಅಂದರೆ ಬೆಲ್ಟ್ ಓಡಿಸೋ ಸಾಮಾನುಗಳಲ್ಲೇ ತೊಂದರೆ ಇದೆ. ಸದ್ದು ಹಾಗೇ ಇದ್ದರೆ ಅದು ಎಂಜಿನ್ ಒಳಗಿನದ್ದು, ಬೆಲ್ಟಿಗೆ ದುಡ್ಡು ಹಾಕಿ ಪ್ರಯೋಜನ ಇಲ್ಲ. ಜಾಸ್ತಿ ಹೊತ್ತು ಓಡಿಸಬೇಡಿ, ವಾಟರ್ ಪಂಪ್ ತಿರುಗ್ತಿರಲ್ಲ.

ಬೆಲ್ಟ್ ಬಿಚ್ಚಿದ ಹಾಗೇ, ಎಂಜಿನ್ ಆಫ್ ಇದ್ದಾಗ ಒಂದೊಂದೇ ಪುಲ್ಲಿ ಕೈಯಲ್ಲಿ ತಿರುಗಿಸಿ ನೋಡಬೇಕು. ನುಣ್ಣಗೆ ತಿರುಗಬೇಕು, ಮರಳು ಸಿಕ್ಕಂಗೆ ಕರಕರ ಅನ್ನಬಾರದು. ಹಿಡಿದು ಅಲ್ಲಾಡಿಸಿದರೆ ಆಟ ಇರಬಾರದು. ಐಡ್ಲರ್ ಪುಲ್ಲಿಯನ್ನ ಜೋರಾಗಿ ತಿರುಗಿಸಿ ಬಿಟ್ಟಾಗ ಸೈಕಲ್ ಚಕ್ರದಂಗೆ ಬಹಳ ಹೊತ್ತು ಸುತ್ತಿದರೆ ಒಳಗಿನ ಗ್ರೀಸು ಒಣಗಿದೆ ಅಂತ ಲೆಕ್ಕ. ವಾಟರ್ ಪಂಪಿನ ಕೆಳಗೆ ಒಂದು ಚಿಕ್ಕ ತೂತು ಇರುತ್ತೆ, ಅದರ ಸುತ್ತ ಕೂಲೆಂಟ್ ಒಣಗಿದ ಬಣ್ಣದ ಕಲೆ ಕಂಡರೆ ಪಂಪಿನ ಸೀಲ್ ಸೋರ್ತಿದೆ. ಇದಕ್ಕೆ ಹಿಡಿಯೋದು ಹತ್ತು ನಿಮಿಷ. ಸಾವಿರಾರು ರೂಪಾಯಿಯ ಪಂಪ್ ತರಿಸೋ ಮುಂಚೆ ಹತ್ತು ನಿಮಿಷ ಕೊಡೋಕೆ ಯಾವ ಗ್ಯಾರೇಜಿನವರೂ ಬೇಡ ಅನ್ನಬಾರದು.

ಬೆಲ್ಟ್ ಬಿಚ್ಚೋಕೆ ಆಗದಿದ್ದರೆ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನ ಡೈನಮೋ ಬಾಡಿಗೆ, ಸ್ಟೇರಿಂಗ್ ಪಂಪ್ ಬಾಡಿಗೆ ಒಂದೊಂದಾಗಿ ಇಟ್ಟು ಹಿಡಿಕೆಗೆ ಕಿವಿ ಕೊಟ್ಟು ಕೇಳೋದು ಇನ್ನೊಂದು ದಾರಿ. ಡಾಕ್ಟರ ಸ್ಟೆತಾಸ್ಕೋಪಿನಂಗೆ. ಯಾವುದರ ಬೇರಿಂಗ್ ಹೋಗಿದೆಯೋ ಅಲ್ಲಿ ಸದ್ದು ಕಿವಿಗೆ ಹೊಡೆದಂಗೆ ಕೇಳುತ್ತೆ. ಅಭ್ಯಾಸ ಇರೋರು ಮಾತ್ರ ಮಾಡಲಿ, ಸ್ಕ್ರೂಡ್ರೈವರ್ ಜಾರಿ ಬೆಲ್ಟಿಗೆ ಸಿಕ್ಕರೆ ಕಷ್ಟ.

ಸ್ಟೇರಿಂಗ್ ಆಯಿಲಿನ ಡಬ್ಬಿ ಎಷ್ಟು ಜನ ತೆರೆದಿದ್ದೀರಿ?

ಎಂಜಿನ್ ಆಯಿಲ್ ನೋಡ್ತೀವಿ, ರೇಡಿಯೇಟರಿಗೆ ನೀರು ನೋಡ್ತೀವಿ. ಸ್ಟೇರಿಂಗ್ ಆಯಿಲಿನ ಸಣ್ಣ ಡಬ್ಬಿಯನ್ನ ಗಾಡಿ ತಗೊಂಡಾಗಿನಿಂದ ತೆರೆಯದವರೇ ಜಾಸ್ತಿ. ಸುಮೋ, ಬೊಲೆರೊ, ಟವೇರಾ, ಟೆಂಪೊ ಟ್ರಾವೆಲರ್ ಥರದ ಗಾಡಿಗಳಲ್ಲಿ ಪವರ್ ಸ್ಟೇರಿಂಗ್ ಇದ್ದರೆ ಅದು ಆಯಿಲಿನ ಒತ್ತಡದಿಂದ ಕೆಲಸ ಮಾಡೋದು. ಹಳೇ ಓಮ್ನಿಯವರು ಈ ಭಾಗ ಬಿಡಬಹುದು, ಅದಕ್ಕೆ ಪವರ್ ಸ್ಟೇರಿಂಗೇ ಇರಲಿಲ್ಲ.

ಡಬ್ಬಿಯ ಮೇಲೆ ಮ್ಯಾಕ್ಸ್, ಮಿನ್ ಗೆರೆ ಇರುತ್ತೆ, ಕೆಲವದರಲ್ಲಿ ತಣ್ಣಗಿದ್ದಾಗ, ಬಿಸಿಯಿದ್ದಾಗ ಅಂತ ಬೇರೆ ಬೇರೆ ಗೆರೆ. ಮಟ್ಟ ಕಮ್ಮಿ ಇದ್ದರೆ ಪಂಪ್ ಆಯಿಲಿನ ಜೊತೆ ಗಾಳಿಯನ್ನೂ ಎಳೆಯುತ್ತೆ, ಅದಕ್ಕೇ ನರಳೋದು. ಬಣ್ಣ ನೋಡಿ. ಕೆಂಪು ಇರಬೇಕಾದ್ದು ಕಾಫಿ ಡಿಕಾಕ್ಷನ್ ಥರ ಆಗಿ ಸುಟ್ಟ ವಾಸನೆ ಬಂದರೆ ಬದಲಿಸೋ ಕಾಲ ಆಗಿದೆ. ಎಂಜಿನ್ ಓಡ್ತಿರುವಾಗ ಡಬ್ಬಿಯಲ್ಲಿ ನೊರೆ ಎದ್ದರೆ ಅಥವಾ ಆಯಿಲು ಹಾಲು ಬೆರೆಸಿದಂಗೆ ಮಸುಕಾದರೆ ಎಲ್ಲಿಂದಲೋ ಗಾಳಿ ಹೋಗ್ತಿದೆ.

ಜನ ಮೋಸ ಹೋಗೋದು ಇಲ್ಲೇ. ಮಟ್ಟ ಸರಿಯಿದೆ, ಎಲ್ಲೂ ಸೋರಿಕೆ ಇಲ್ಲ, ಆದರೂ ನೊರೆ, ಆದರೂ ನರಳಾಟ. ಹಾಗಾದರೆ ಪಂಪೇ ಹೋಗಿದೆ ಅಂತ ತೀರ್ಮಾನ. ಡಬ್ಬಿಯಿಂದ ಪಂಪಿಗೆ ಹೋಗೋ ಪೈಪು ಎಳೆಯೋ ಕಡೆಯದ್ದು. ಅದರ ಕ್ಲಿಪ್ ಸಡಿಲ ಇದ್ದರೆ, ಅಥವಾ ಪಂಪಿಗೆ ಸೇರೋ ಜಾಗದ ಸಣ್ಣ ರಬ್ಬರ್ ಓ ರಿಂಗ್ ಗಟ್ಟಿಯಾಗಿದ್ದರೆ, ಆಯಿಲು ಹೊರಗೆ ಬರದೇ ಗಾಳಿ ಒಳಗೆ ಹೋಗುತ್ತೆ. ಹನಿಯೂ ಬೀಳಲ್ಲ, ಆದ್ದರಿಂದ ಯಾರೂ ಅಲ್ಲಿ ನೋಡಲ್ಲ. ಅಮೆರಿಕದಲ್ಲಿ ಓಡೋ ಹೋಂಡಾ ಒಡಿಸ್ಸಿ ಮಿನಿವ್ಯಾನಿನವರಿಗೆ ಈ ಓ ರಿಂಗ್ ಚೆನ್ನಾಗಿ ಗೊತ್ತು. ಇಷ್ಟು ಚಿಕ್ಕ ರಿಂಗಿನ ತೊಂದರೆಗೆ ಪಂಪನ್ನೇ ಬದಲಿಸಿ ಕೈ ಸುಟ್ಕೊಂಡವರು ಅಲ್ಲೂ ಇದ್ದಾರೆ. ಹಾಗಾಗಿ ಮೊದಲು ಕ್ಲಿಪ್, ಆಮೇಲೆ ಓ ರಿಂಗ್, ಆಮೇಲೆ ಪಂಪಿನ ಮಾತು.

ಪಂಪಿನಿಂದ ಸ್ಟೇರಿಂಗ್ ಬಾಕ್ಸಿಗೆ ಹೋಗೋ ಪೈಪಿನ ವಿಷಯ ಮಾತ್ರ ಬೇರೆ. ಟೈರಿಗೆ ನಾವು ಹಿಡಿಸೋದು ಮೂವತ್ತು ನಲವತ್ತು ಪಿಎಸ್‌ಐ ಗಾಳಿ. ಈ ಪೈಪಿನಲ್ಲಿ ಫುಲ್ ಕಟ್ ಹೊಡೆದಾಗ ಒತ್ತಡ ಸಾವಿರ ಪಿಎಸ್‌ಐ ದಾಟುತ್ತೆ. ಅದು ಒಡೆದರೆ ಮಾಮೂಲಿ ರಬ್ಬರ್ ಪೈಪು ಹಾಕಿ ಕ್ಲಿಪ್ ಬಿಗಿಯೋದು ರಿಪೇರಿ ಅಲ್ಲ. ಬಿಸಿ ಆಯಿಲು ಎಂಜಿನ್ ಮೇಲೆ ಚಿಮ್ಮಿ ಬೆಂಕಿ ಹತ್ತೋ ಸಾಧ್ಯತೆ ಇದೆ. ಹೈಡ್ರಾಲಿಕ್ ಪೈಪ್ ಮಾಡೋರ ಹತ್ತಿರ ಸರಿಯಾಗಿ ಕ್ರಿಂಪ್ ಮಾಡಿಸಿ, ಅಥವಾ ಕಂಪನಿ ಪೈಪೇ ಹಾಕಿಸಿ. ಇದರಲ್ಲಿ ಜುಗಾಡ್ ಬೇಡ.

ಯಾವ ಆಯಿಲು? ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತೆ. ಬಹಳ ಗಾಡಿಗಳಿಗೆ ಡೆಕ್ಸ್‌ರಾನ್ ಅನ್ನೋ ಕೆಂಪು ಎಟಿಎಫ್ ಆಯಿಲು. ಹೋಂಡಾದವರು ತಮ್ಮದೇ ಬೇರೆ ಆಯಿಲು ಹಾಕಿ ಅಂತಾರೆ. ಯುರೋಪಿನ ಕೆಲವು ಗಾಡಿಗಳದ್ದು ಹಸಿರು. ಒಂದಕ್ಕೊಂದು ಬೆರೆಸಬೇಡಿ. ಬ್ರೇಕ್ ಆಯಿಲು ಮಾತ್ರ ತಪ್ಪಿಯೂ ಹಾಕಬೇಡಿ, ಒಳಗಿನ ಸೀಲುಗಳೆಲ್ಲ ಊದಿ ಹಾಳಾಗ್ತವೆ. ಅರ್ಜೆಂಟಲ್ಲಿ ಪಕ್ಕದ ಬಾಟಲಿ ಸುರಿದು ಪೂರ್ತಿ ಸಿಸ್ಟಮ್ಮೇ ಬಿಚ್ಚಿಸೋ ಪರಿಸ್ಥಿತಿ ತಂದ್ಕೊಳ್ಳಬಾರದು.

ಆಯಿಲು ಹಾಕಿದ ಮೇಲೆ ಗಾಳಿ ತೆಗೀಬೇಕು. ಮುಂದಿನ ಎರಡೂ ಚಕ್ರ ನೆಲ ಬಿಡುವಂಗೆ ಜ್ಯಾಕ್ ಕೊಟ್ಟು, ಗಟ್ಟಿ ಸ್ಟ್ಯಾಂಡ್ ಇಟ್ಟು, ಎಂಜಿನ್ ಆಫ್ ಇರುವಾಗಲೇ ಸ್ಟೇರಿಂಗನ್ನ ಈ ಕಡೆಯಿಂದ ಆ ಕಡೆಗೆ ನಿಧಾನಕ್ಕೆ ಹದಿನೈದು ಇಪ್ಪತ್ತು ಸಲ ತಿರುಗಿಸೋದು. ನಡುನಡುವೆ ಆಯಿಲು ತುಂಬಿಸ್ತಾ ಇರಬೇಕು. ಗುಳ್ಳೆ ನಿಂತ ಮೇಲೆ ಸ್ಟಾರ್ಟ್ ಮಾಡಿ ಇನ್ನೆರಡು ಸುತ್ತು. ಸುಮ್ಮನೆ ಆಯಿಲು ಸುರಿದು ಸ್ಟಾರ್ಟ್ ಮಾಡಿ ಕಳಿಸಿದರೆ ಹೊಸ ಪಂಪೂ ನರಳುತ್ತೆ, ಆಮೇಲೆ ‘ಪಂಪ್ ಡಿಫೆಕ್ಟ್ ಪೀಸು’ ಅಂತ ಅಂಗಡಿಯವರ ಜೊತೆ ಜಗಳ.

ಸ್ಟೇರಿಂಗ್ ಭಾರ: ಎಲ್ಲಾ ಭಾರವೂ ಒಂದೇ ಅಲ್ಲ

ಮೊದಲು ಟೈರಿನ ಗಾಳಿ ನೋಡಿ. ನಗಬೇಡಿ. ಮುಂದಿನ ಟೈರಿಗೆ ಗಾಳಿ ಕಮ್ಮಿ ಇದ್ದು ‘ಪವರ್ ಸ್ಟೇರಿಂಗ್ ಹೋಗಿದೆ’ ಅಂತ ಗ್ಯಾರೇಜಿಗೆ ಬರೋ ಗಾಡಿಗಳಿವೆ. ಅಕ್ಕಿ ಮೂಟೆ ಎಲ್ಲ ಮುಂದಕ್ಕೇ ಒಟ್ಟಿದ್ದರೂ ಭಾರ ಆಗುತ್ತೆ.

ಎರಡೂ ಕಡೆಗೆ ಒಂದೇ ಥರ ಬಿಗಿ ಇದ್ದರೆ ಬೆಲ್ಟ್, ಆಯಿಲ್, ಪಂಪ್ ಈ ಮೂರರಲ್ಲಿ ಒಂದು. ಒಂದು ಕಡೆಗೆ ಹಗುರ, ಇನ್ನೊಂದು ಕಡೆಗೆ ಭಾರ ಅಂದರೆ ಪಂಪನ್ನ ಬೈಯಬೇಡಿ, ತೊಂದರೆ ಸ್ಟೇರಿಂಗ್ ಬಾಕ್ಸ್ ಅಥವಾ ರ್ಯಾಕಿನ ಒಳಗಿದೆ. ಐಡ್ಲಿಂಗಿನಲ್ಲಿ ಭಾರ, ಸ್ವಲ್ಪ ರೇಸ್ ಕೊಟ್ಟರೆ ಹಗುರ ಅಂದರೆ ಪಂಪು ಸವೆದಿರಬಹುದು, ಅಥವಾ ಬೆಲ್ಟ್ ಜಾರ್ತಿರಬಹುದು. ಮಳೆನೀರಿನ ಗುಂಡಿಯಲ್ಲಿ ಗಾಡಿ ಇಳಿಸಿದ ತಕ್ಷಣ ಒಂದೆರಡು ನಿಮಿಷ ಮಾತ್ರ ಬಿಗಿಯಾಗಿ ಸರಿಹೋದರೆ ಬೆಲ್ಟೇ ಅಂತ ಹೆಚ್ಚುಕಮ್ಮಿ ಧೈರ್ಯವಾಗಿ ಹೇಳಬಹುದು.

ರ್ಯಾಕ್ ಇರೋ ಗಾಡಿಯಾದರೆ ಅದರ ಎರಡೂ ತುದಿಯ ರಬ್ಬರ್ ಬೂಟ್ ಹಿಚುಕಿ ನೋಡಿ. ಒಳಗೆ ಆಯಿಲು ತುಂಬಿ ಪುಚಪುಚ ಅಂದರೆ ರ್ಯಾಕಿನ ಸೀಲ್ ಹೋಗಿದೆ. ಡಬ್ಬಿಯ ಆಯಿಲು ಪದೇ ಪದೇ ಕಮ್ಮಿ ಆಗಿ, ನೆಲದ ಮೇಲೆ ಹನಿ ಕಾಣದಿದ್ದರೆ ಅದು ಅಲ್ಲೇ ಸೇರ್ತಿರುತ್ತೆ. ನಮ್ಮ ಕೆಸರಿನ ರಸ್ತೆಯಲ್ಲಿ ಬೂಟ್ ಹರಿದರೆ ನೀರು, ಮಣ್ಣು ಒಳಗೆ ಹೋಗಿ ಸೀಲು ಬೇಗ ಹೋಗುತ್ತೆ. ಆದ್ದರಿಂದ ಹರಿದ ಬೂಟ್ ಕಂಡ ವಾರದಲ್ಲೇ ಬದಲಿಸಿ.

ಇನ್ನೊಂದು ಸುಲಭದ ಪರೀಕ್ಷೆ: ಮುಂದಿನ ಚಕ್ರ ಎರಡೂ ನೆಲ ಬಿಟ್ಟಿರಲಿ, ಎಂಜಿನ್ ಆಫ್ ಇರಲಿ, ಸ್ಟೇರಿಂಗ್ ಲಾಕ್ ಬಿಡಿಸಿ ತಿರುಗಿಸಿ. ಆಗಲೂ ಎಲ್ಲೋ ಒಂದು ಕಡೆ ಹಿಡಿದು ಹಿಡಿದು ತಿರುಗಿದರೆ ಬಾಲ್ ಜಾಯಿಂಟ್ ಅಥವಾ ಸ್ಟೇರಿಂಗ್ ರಾಡಿನ ಕ್ರಾಸ್ ಜಾಯಿಂಟ್ ತುಕ್ಕು ಹಿಡಿದಿದೆ. ಪವರ್ ಸ್ಟೇರಿಂಗಿಗೂ ಅದಕ್ಕೂ ಸಂಬಂಧ ಇಲ್ಲ. ಮಲೆನಾಡಿನ ಮಳೆಗೆ ಈ ಜಾಯಿಂಟುಗಳು ಹಿಡಕೊಳ್ಳೋದು ಹೊಸದೇನಲ್ಲ.

ಎರ್ಟಿಗಾ ಥರದ ಗಾಡಿಗಳಲ್ಲಿ ಸ್ಟೇರಿಂಗಿಗೆ ಬಲ ಕೊಡೋದು ಕರೆಂಟ್ ಮೋಟಾರು. ಅಲ್ಲಿ ಆಯಿಲೂ ಇಲ್ಲ, ಪಂಪೂ ಇಲ್ಲ. ಬೆಲ್ಟ್ ಕಿರುಚಿದರೆ ಅದು ಡೈನಮೋ, ಎಸಿ ಕಡೆಯದ್ದು. ಸ್ಟೇರಿಂಗ್ ಬಿಗಿಯಾಗಿ ಮೀಟರಿನಲ್ಲಿ ಸ್ಟೇರಿಂಗ್ ಚಿಹ್ನೆಯ ಲೈಟು ಹತ್ತಿದರೆ ಮೊದಲು ಬ್ಯಾಟರಿ ವೋಲ್ಟೇಜ್ ನೋಡಿಸಿ. ಎಂಜಿನ್ ಓಡ್ತಿರುವಾಗ ಬ್ಯಾಟರಿ ಮೇಲೆ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಬರಬೇಕು. ಅದಕ್ಕಿಂತ ತೀರಾ ಕೆಳಗಿದ್ದರೆ ಚಾರ್ಜಿಂಗಿನದ್ದೇ ತೊಂದರೆ ಇರಬಹುದು. ಕಾರಣ ಮತ್ತೆ ಬೆಲ್ಟೇ ಆಗಿರಬಹುದು.

ಗ್ಯಾರೇಜಿನಲ್ಲಿ ಕೇಳಬೇಕಾದ್ದು

ನಮ್ಮ ಮೆಕ್ಯಾನಿಕ್ಕುಗಳನ್ನ ಬೈಯೋಕೆ ಇದನ್ನ ಬರೀತಿಲ್ಲ. ‘ಸಂಜೆ ಒಳಗೆ ಗಾಡಿ ಬೇಕು’ ಅಂತ ಅವಸರ ಮಾಡೋರು ನಾವೇ. ಅವಸರದಲ್ಲಿ ಪತ್ತೆ ಮಾಡೋದಕ್ಕಿಂತ ಬದಲಿಸೋದು ಸುಲಭ. ಹಾಗಾಗಿ ಬೆಳಿಗ್ಗೆಯೇ, ಎಂಜಿನ್ ತಣ್ಣಗಿದ್ದಾಗ ಗಾಡಿ ಬಿಡಿ. ಸದ್ದು ಯಾವಾಗ ಬರುತ್ತೆ ಅಂತ ಹೇಳಿ, ಫೋನಲ್ಲಿ ರೆಕಾರ್ಡ್ ಮಾಡಿದ್ದರೆ ಕೇಳಿಸಿ. ‘ಪಂಪ್ ಹೋಗಿದೆ’ ಅಂದರೆ ‘ಬೆಲ್ಟ್ ಬಿಚ್ಚಿ ನೋಡಿದ್ರಾ ಅಣ್ಣ? ಎಳೆಯೋ ಪೈಪಿನ ಕ್ಲಿಪ್ಪು, ಓ ರಿಂಗು ನೋಡಿದ್ರಾ?’ ಅಂತ ಕೇಳಿ. ನೋಡೋ ಕೆಲಸಕ್ಕೆ ಕೂಲಿ ಕೊಡ್ತೀನಿ ಅಂತಲೂ ಹೇಳಿ. ಅದು ಹೇಳದೇ ಇದ್ದರೆ ಅರ್ಧ ಗಂಟೆ ಪುಕ್ಕಟೆ ದುಡಿಯೋಕೆ ಯಾರಿಗೂ ಮನಸ್ಸು ಬರಲ್ಲ. ತೆಗೆದ ಹಳೇ ಸಾಮಾನು ವಾಪಸ್ ಕೇಳಿ, ಕೈಯಲ್ಲಿ ತಿರುಗಿಸಿ ನೋಡಿ.

ಘಾಟಿಯಲ್ಲಿ ಬೆಲ್ಟ್ ಕಡಿದರೆ

ಟಪ್ ಅಂತ ಸದ್ದು, ಬ್ಯಾಟರಿ ಲೈಟು ಕೆಂಪಗೆ ಹತ್ತುತ್ತೆ, ಸ್ಟೇರಿಂಗ್ ಇದ್ದಕ್ಕಿದ್ದಂಗೆ ಭಾರ. ಮೊದಲನೆಯದು, ಸ್ಟೇರಿಂಗ್ ಕೆಲಸ ಮಾಡುತ್ತೆ, ಭಾರ ಆಗಿದೆ ಅಷ್ಟೇ. ಎರಡೂ ಕೈಯಲ್ಲಿ ಬಲವಾಗಿ ಹಿಡಿದು ತಿರುಗಿಸಿ. ಗಾಡಿ ಓಡ್ತಿರುವಾಗ ಕೀ ತಿರುಗಿಸಿ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಬಿದ್ದರೆ ಮುಗೀತು. ಬ್ರೇಕನ್ನ ಪಂಪ್ ಮಾಡ್ತಾ ಇರಬೇಡಿ, ಬೂಸ್ಟರಿನಲ್ಲಿ ಉಳಿದಿರೋ ವ್ಯಾಕ್ಯೂಮ್ ಕೆಲವೇ ಸಲಕ್ಕೆ ಸಾಕು. ಒಂದೇ ಸಲ ಒತ್ತಿ ಹಿಡಿಯಿರಿ, ಜೊತೆಗೆ ಗೇರ್ ಒಂದೊಂದೇ ಇಳಿಸಿ. ನ್ಯೂಟ್ರಲ್ ಬೇಡ. ಹ್ಯಾಂಡ್ ಬ್ರೇಕನ್ನ ಸ್ವಲ್ಪ ಸ್ವಲ್ಪವೇ ಎಳೆದು, ಗುಡ್ಡದ ಕಡೆ ಬದಿಗೆ ನಿಲ್ಲಿಸಿ, ಇಂಡಿಕೇಟರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ.

ಆಮೇಲೆ ‘ಮೆಲ್ಲಗೆ ಸೋಮೇಶ್ವರದ ತನಕ ಇಳಿಸೋಣ’ ಅನ್ನೋ ಯೋಚನೆ ಬೇಡ. ವಾಟರ್ ಪಂಪ್ ನಿಂತಿದ್ದರೆ ಕೆಲವೇ ಕಿಲೋಮೀಟರಿನಲ್ಲಿ ಹೆಡ್ ಗ್ಯಾಸ್ಕೆಟ್ ಸುಡುತ್ತೆ, ಬ್ರೇಕಿನ ಬಲ ಮೊದಲೇ ಹೋಗಿರುತ್ತೆ. ರೇಡಿಯೇಟರ್ ಮುಚ್ಚಳಕ್ಕೆ ಬಿಸಿ ಇರುವಾಗ ಕೈ ಹಾಕಬೇಡಿ. ರೋಗಿ ಇದ್ದರೆ ಬೇರೆ ಗಾಡಿಗೆ ಹತ್ತಿಸಿ ಕಳಿಸಿ, ನಿಮ್ಮ ಗಾಡಿ ಅಲ್ಲೇ ಇರಲಿ.

ನಮ್ಮ ದಿನಸಿ ಅಂಗಡಿಯವರು ಈಗ ಸೀಟಿನಡಿ ಒಂದು ಬೆಲ್ಟು, ಅದು ಹೋಗೋ ದಾರಿಯ ಫೋಟೋ ಪ್ರಿಂಟು, ಟೆನ್ಷನರಿಗೆ ಬೇಕಾದ ಸ್ಪ್ಯಾನರು ಇಟ್ಕೊಂಡಿದ್ದಾರೆ. ಮೊದಲ ಸಲ ತೆಗೆದ ಬೆಲ್ಟೇ ಅದು. ತೊಳೆದು ಒಣಗಿಸಿ ನೋಡಿದರೆ ಅದಕ್ಕೆ ಏನೂ ಆಗಿರಲಿಲ್ಲವಂತೆ.